ಮುಂದಿನ ಪಿಕಪ್

ಮೂರೂ ಪಿಕಪ್ಪು ಮೇಜಿನ ಮೇಲೆ ಸಾಲಾಗಿ ಮಲಗಿದ್ದವು. ಹನ್ನೊಂದರ ಬಸ್ಸಿಗೆ ಮೊದಲು ಮಹಾಂತೇಶ್ ಅವುಗಳಲ್ಲಿ ಒಂದನ್ನು ಆರಿಸಿ, ಗೆಳೆಯ ಬಿಲಾಲನ ಗಿಟಾರಿನೊಳಗೆ ಕೂರಿಸಿ, ಬೆಸುಗೆ ಹಾಕಿ, ತಂತಿ ಬಿಗಿದು, ಆ ಬಸ್ಸಿನಲ್ಲಿ ತುರುವೇಕೆರೆಗೆ ಒಯ್ದು ಅವನ ಕೈಗೆ ಕೊಡಬೇಕಿತ್ತು. ಆಯಸ್ಕಾಂತದ ಆರು ಮೊಳೆ, ಅವುಗಳ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ವೈರಿನ ಸಾವಿರಾರು ಸುತ್ತು, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ: ಪಿಕಪ್ ಅಂದರೆ ಇಷ್ಟೇ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಕರೆಂಟು ಮಾಡಿ ಆಂಪ್ಲಿಫೈಯರಿಗೆ ಕಳಿಸುತ್ತದೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತ ಬಂದವನಿಗೆ, ಕಾಯಿಲ್ ಸುತ್ತುವುದೇ ಅನ್ನವಾದವನಿಗೆ, ಅದರಲ್ಲಿ ತಿಳಿಯದಿರುವುದೇನೂ ಇಲ್ಲ. ಹಾಗಂದುಕೊಂಡೇ ಅವನು ಕೆಟ್ಟಿದ್ದ. ಮೇಜಿನ ಡ್ರಾಯರಿನಲ್ಲಿ, ಒಂದು ಹಳೆಯ ಸ್ವೀಟ್ ಡಬ್ಬಿಯಲ್ಲಿ, ಬಿಲಾಲನ ಅಸಲಿ ಪಿಕಪ್ಪು ಕರುಳು ಹೊರಬಂದ ಹಕ್ಕಿಮರಿಯ ಹಾಗೆ ಬಿದ್ದಿತ್ತು. ಡ್ರಾಯರನ್ನು ತೆರೆಯದೆ ಆರು ತಿಂಗಳ ಮೇಲಾಗಿತ್ತು. ಆದರೂ ಮೇಜಿಗೆ ಮೊಣಕೈ ಊರಿದಾಗಲೆಲ್ಲ ಆ ಜಾಗ ಬಿಸಿಯಾಗಿದೆ ಅನ್ನಿಸುತ್ತಿತ್ತು.

ಭಾನುವಾರವಾದ್ದರಿಂದ ಶಟರನ್ನು ಅರ್ಧಕ್ಕೆ ಇಳಿಸಿದ್ದ. ಮೂರನ್ನೂ ಒಂದಾದ ಮೇಲೊಂದು ಹಾಕಿ ಕೇಳಿದ್ದು ಇದು ಐದನೆಯ ಸುತ್ತು. ಬೆಂಗಳೂರಿನ ಅಂಗಡಿಯಿಂದ ತರಿಸಿದ್ದು ತುಂಬ ಶುಚಿಯಾಗಿ ನುಡಿಯುತ್ತಿತ್ತು, ಹೊಸ ಸ್ಟೀಲ್ ಲೋಟದ ಹಾಗೆ. ಚೀನಾದ್ದು ಜೋರಾಗಿತ್ತು, ಅದಕ್ಕೆ ಜೋರೊಂದೇ ಗೊತ್ತಿತ್ತು. ಮೂರನೆಯದನ್ನು ಯಾರೋ ಕೈಯಲ್ಲಿ ಸುತ್ತಿ ಕೊರಿಯರಿನಲ್ಲಿ ಕಳಿಸಿದ್ದರು. ಅದರ ಜೊತೆ ಒಂದು ಚೀಟಿಯೂ ಇತ್ತು, ‘ಹಳೆಯ ಜಪಾನಿ ಗಿಟಾರುಗಳಿಗೆ ಹತ್ತಿರದ್ದು’ ಎಂದು. ಹತ್ತಿರದ್ದು ಹೌದು. ಆದರೆ ಯಾವುದಕ್ಕೆ ಹತ್ತಿರ? ಕೇಳುತ್ತ ಕೇಳುತ್ತ ಬಿಲಾಲನ ಸದ್ದು ಹೇಗಿತ್ತೆಂಬುದೇ ಅವನ ತಲೆಯಿಂದ ಅಳಿಸಿಹೋಗುತ್ತಿತ್ತು. ಮೊದಲ ದಿನ ಕಣ್ಣು ಮುಚ್ಚಿದರೆ ಕೇಳುತ್ತಿದ್ದದ್ದು ಈಗ ಕಣ್ಣು ಮುಚ್ಚಿದರೆ ಬರೀ ಕತ್ತಲೆ. ಅರಳಗುಪ್ಪೆಯ ಮನೆಯಲ್ಲಿ ಅಪ್ಪ ಮಲ್ಲಿಕಾರ್ಜುನಯ್ಯ ಅಟ್ಟದ ಮೇಲೆ ಕೂತು ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಸದ್ದಿನಲ್ಲೇ ಹೇಳುತ್ತಿದ್ದರು. ಹತ್ತು ವರ್ಷದವನಿದ್ದಾಗ ಅವನೂ ಅಲ್ಲಾಡಿಸಿ, ಆಗಿದೆ ಅಂದಿದ್ದ. ಒಡೆದರೆ ಒಳಗೆ ಹಸಿ. ‘ನಿಂದು ಮರದ ಕಿವಿ ಕಣ್ಲಾ’ ಎಂದು ಅಪ್ಪ ನಕ್ಕಿದ್ದರು. ಬೈದಿರಲಿಲ್ಲ, ನಕ್ಕಿದ್ದರು.

ಶಟರಿನ ಕೆಳಗಿಂದ ಎರಡು ಕಾಲು ಕಾಣಿಸಿದವು, ಆಮೇಲೆ ಬಗ್ಗಿದ ಮುಖ. ಮಾದಿಹಳ್ಳಿ ಕಡೆಯ ಮರುಳಸಿದ್ದಯ್ಯ. ಅವರ ಮೋಟರು ನಾಲ್ಕು ದಿನದಿಂದ ಮೂಲೆಯಲ್ಲಿ ಬಿಚ್ಚಿ ಬಿದ್ದಿತ್ತು.

“ಏನಪ್ಪ ಮಹಾಂತೇಶಪ್ಪ, ಗುರುವಾರಕ್ಕೆ ಕೊಡ್ತೀನಿ ಅಂದಿದ್ದೆ. ಸಸಿ ಬಾಡ್ತಾ ಅವೆ.”

“ವೈರು ಬಂದಿಲ್ಲ ಸಿದ್ದಯ್ಯನೋರೇ. ನಾಳೆ ಆಗೋಯ್ತದೆ.”

ವೈರು ಬಂದಿತ್ತು. ಮರುಳಸಿದ್ದಯ್ಯನ ಬೆನ್ನಿನ ಹಿಂದೆಯೇ ಉಂಡೆಯುಂಡೆಯಾಗಿ ನೇತಾಡುತ್ತಿತ್ತು. ಅವರು ಅತ್ತ ನೋಡಲಿಲ್ಲ, ಮೇಜಿನ ಕಡೆ ನೋಡಿದರು. “ಇದೇನು ಸಾಮಾನು?”

“ಪಿಕಪ್ಪು.”

“ಪಿಕಪ್ ತಗಂಡ್ಯಾ? ಒಳ್ಳೇದಾಯ್ತು ಬುಡು. ಬಾಡಿಗೆಗೆ ಓಡಿಸ್ತೀಯಾ? ನಮ್ ಕಾಯಿ ಸಾಗ್ಸಕ್ಕೆ ಒಂದು ಗಾಡಿ ಬೇಕಾಗಿತ್ತು.”

ಮಹಾಂತೇಶನಿಗೆ ನಗು ಬರಲಿಲ್ಲ. ಇದು ಬೇರೆ, ಗಿಟಾರಿನದು ಅಂದ. ಯಾಕೆ ಹಾಗೆ ಮಾಡಿದನೋ, ಮರದ ಕಿವಿಯವನಿಗೆ ಇನ್ನೊಬ್ಬರ ಕಿವಿ ಬೇಕಾಗಿತ್ತೋ ಏನೋ, ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಒಂದೊಂದನ್ನೂ ವೈರು ಸಿಕ್ಕಿಸಿ ನುಡಿಸಿದ. ಮುದುಕ ತಲೆ ಓರೆ ಮಾಡಿ, ನಿಜವಾಗಿಯೂ ಶ್ರದ್ಧೆಯಿಂದ ಕೇಳಿದರು. “ಮೂರೂ ಒಂದೇ ತರ ಕೇಳ್ತದಲ್ಲಪ್ಪ” ಅಂದರು ಕೊನೆಗೆ. “ಇದಕ್ಕಾ ನನ್ ಮೋಟರ್ ಬುಟ್ಟಿದ್ದು?” ಬೈಗುಳದ ದನಿಯಲ್ಲ. ತಿಳಿದುಕೊಳ್ಳಬೇಕು ಅನ್ನುವ ದನಿ. ಅವರು ಎದ್ದು ಹೋದ ಮೇಲೂ ಆ ಪ್ರಶ್ನೆ ಸ್ಟೂಲಿನ ಮೇಲೆ ಕೂತೇ ಇತ್ತು.

ಮೂರೂ ಒಂದೇ ತರ. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ತಿಪಟೂರಿನ ಕಾಲೇಜಿನಲ್ಲಿ ಎರಡನೆಯ ವರ್ಷ, ವಾರ್ಷಿಕೋತ್ಸವದ ಮಧ್ಯಾಹ್ನ, ಬಿಲಾಲನ ಇದೇ ಕೆಂಪು ಗಿಟಾರು, ಬಿಲಾಲನದೇ ಆಂಪ್ಲಿಫೈಯರು. ಅರಸೀಕೆರೆಯಲ್ಲಿ ಮುಚ್ಚಿಹೋದ ಒಂದು ಆರ್ಕೆಸ್ಟ್ರಾದಿಂದ ಬಿಲಾಲ್ ಅದನ್ನು ತಂದಿದ್ದ. ಬಿಲಾಲನೇ ಕಟ್ಟಿದ ಒಂದು ಧಾಟಿ ಇತ್ತು, ಹೆಸರಿಲ್ಲದ್ದು. ಅದನ್ನು ಮಹಾಂತೇಶ್ ಮೂರು ತಿಂಗಳು ಕೂತು ಬೆರಳು ಬೆರಳಿಗೂ ಕಲಿತಿದ್ದ. ಪರದೆ ಇನ್ನೂ ಸರಿದಿರಲಿಲ್ಲ. ತಂತಿ ಸರಿಮಾಡುವ ನೆಪದಲ್ಲಿ ಅವನು ಪರದೆಯ ಹಿಂದೆ ನಿಂತು ಆ ಧಾಟಿಯನ್ನು ಪೂರ್ತಿ ನುಡಿಸಿದ, ಒಂದು ತಪ್ಪಿಲ್ಲದೆ. ಪರದೆಯ ಆಚೆ ಮೊದಲ ಸಾಲಿನಲ್ಲಿದ್ದ ಯಾರೋ ಮೇಷ್ಟ್ರು ಪಕ್ಕದವರಿಗೆ ಅಂದದ್ದು ಸ್ಪಷ್ಟವಾಗಿ ಕೇಳಿತು: “ಬಿಲಾಲ್‌ಗೆ ಇವತ್ತು ಹುಷಾರಿಲ್ವೇನೋ ಪಾಪ, ಕೈಯೇ ಏಳ್ತಿಲ್ಲ.” ಪಕ್ಕದಲ್ಲೇ ನಿಂತಿದ್ದ ಬಿಲಾಲನಿಗೂ ಕೇಳಿತು. ಬಿಲಾಲ್ ಅವನ ಹೆಗಲ ಮೇಲೆ ಕೈ ಹಾಕಿ, “ಬುಡ್ಲಾ, ಆ ವಯ್ಯಂಗೆ ಏನ್ ಗೊತ್ತು” ಅಂದ. ಆ ಕೈಯನ್ನು ಕ್ಷಮಿಸುವುದು ಮಹಾಂತೇಶನಿಂದ ಆಗಲೇ ಇಲ್ಲ. ಆಮೇಲೆ ಅವನು ಐಟಿಐ ಸೇರಿದ, ಮೋಟರು ಹಿಡಿದ, ಮದುವೆಯಾದ. ಬಿಲಾಲ್ ತುರುವೇಕೆರೆಯಲ್ಲಿ ಅಪ್ಪನ ಟೈಲರ್ ಅಂಗಡಿಯಲ್ಲೇ ಕೂತು ಇಡೀ ತಾಲ್ಲೂಕಿನ ಮಕ್ಕಳಿಗೆ ಯೂನಿಫಾರಂ ಹೊಲಿದ. ತಿಂಗಳಿಗೊಮ್ಮೆ ಸೇರುತ್ತಿದ್ದರು. ಬಿಲಾಲ್ ಕಣ್ಣು ಮುಚ್ಚಿ ನುಡಿಸುತ್ತಿದ್ದ, ಮಹಾಂತೇಶ್ ತನ್ನ ಗಿಟಾರು ತೊಡೆಯ ಮೇಲಿಟ್ಟುಕೊಂಡು ಅದರ ಜೊತೆ ತಾಳ ಹಾಕುತ್ತಿದ್ದ. ಆ ಗಿಟಾರಿನಲ್ಲೇ ಏನೋ ಇದೆ, ಆ ಮುಂದಿನ ಪಿಕಪ್ಪಿನಲ್ಲೇ ಇದೆ, ಎಂದು ಅವನು ನಂಬಿದ್ದು ಆ ದಿನಗಳಲ್ಲಿ. ಗಿಟಾರಿಗೆ ಎರಡು ಪಿಕಪ್ಪು, ಒಂದು ಹಿಂದೆ, ಒಂದು ಕತ್ತಿನ ಬುಡದಲ್ಲಿ. ಹಿಂದಿನದನ್ನು ಬಿಲಾಲ್ ಎಂದೂ ಮುಟ್ಟಿದವನಲ್ಲ. ಎಲ್ಲವೂ ಮುಂದಿನದರಲ್ಲಿ.

ಏಳು ತಿಂಗಳ ಹಿಂದೆ, ಬಟ್ಟೆ ಕತ್ತರಿಸುತ್ತ ನಿಂತಿದ್ದ ಬಿಲಾಲನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು, ಬಾಯಿಯ ಒಂದು ಬದಿ. ಮಹಾಂತೇಶ್ ನೋಡಲು ಹೋದದ್ದು ಎಂಟು ದಿನದ ಮೇಲೆ. ಬಿಲಾಲ್ ಗೋಡೆಯ ಮೇಲಿನ ಗಿಟಾರು ತೋರಿಸಿ, ತೊದಲುತ್ತ, “ಸ್ವಲ್ಪ ದಿನ ನಿನ್ ತಾವ ಇರ್ಲಿ. ನೋಡ್ತಾ ಇದ್ರೆ ಎದೆ ಉರೀತದೆ” ಅಂದ. ಅದನ್ನು ಹೊತ್ತು ಬಸ್ಸಿನಲ್ಲಿ ಬರುವಾಗ ಮಹಾಂತೇಶನಿಗೆ ಅಳು ಬಂದಿತ್ತು, ಸುಳ್ಳಲ್ಲ. ಅಳುತ್ತಿರುವಾಗಲೇ ಅವನ ಹೆಬ್ಬೆರಳು ಚೀಲದ ಬಟ್ಟೆಯ ಮೇಲಿಂದ ಆ ಪಿಕಪ್ಪಿನ ಉಬ್ಬನ್ನು ಸವರುತ್ತಿತ್ತು, ಅದೂ ಸುಳ್ಳಲ್ಲ. ನಾಲ್ಕನೆಯ ದಿನ ಅದನ್ನು ಬಿಚ್ಚಿದ. ಬಿಚ್ಚಿ ತನ್ನ ಗಿಟಾರಿಗೆ ಹಾಕಿಕೊಂಡ. ಇನ್ನು ಅವನ ಕೈಗೆ ಅದು ಬೇಡವಲ್ಲ, ಎಂದು ಒಳಗೆ ಯಾರೋ ಹೇಳಿದರು. ಆ ಯಾರೋ ಅವನೇ. ಆಂಪ್ಲಿಫೈಯರು ಹಾಕಿ ಆ ಧಾಟಿಯನ್ನು ನುಡಿಸಿದ. ಪರದೆಯ ಹಿಂದೆ ಕೇಳಿದ್ದ ಅದೇ ಸದ್ದು. ಹುಷಾರಿಲ್ಲದವನ ಕೈ. ಆಗಲಾದರೂ ತಿಳಿಯಬಹುದಿತ್ತು, ಆದರೆ ಅವನಿಗೆ ಕಾಯಿಲಿನ ಮೇಲೆ ಅನುಮಾನ ಬಂತು: ಹಳೆಯದು, ಸುತ್ತು ಸಡಿಲವಾಗಿದೆ, ಇನ್ನು ಐನೂರು ಸುತ್ತು ಏರಿಸಿದರೆ ಸರಿಹೋದೀತು. ಹತ್ತು ಎಚ್‌ಪಿ ಮೋಟರು ಸುತ್ತುವ ಕೈ, ಕೂದಲಿಗಿಂತ ಸಣ್ಣ ವೈರು. ಮೊದಲ ತುದಿ ಹಿಡಿದು ಎಳೆದದ್ದೇ ತಡ ಒಳಗೆಲ್ಲೋ ತುಂಡಾಯಿತು. ಸದ್ದೂ ಆಗಲಿಲ್ಲ, ಬೆರಳಿಗೆ ಗೊತ್ತಾಯಿತು ಅಷ್ಟೇ. ಮೀಟರು ಇಟ್ಟರೆ ಮುಳ್ಳು ಅಲ್ಲಾಡಲಿಲ್ಲ. ತುಂಡು ಹುಡುಕಲು ಒಂದು ಸುತ್ತು ಬಿಚ್ಚಿದ, ಹತ್ತು ಬಿಚ್ಚಿದ, ಸಾವಿರ ಬಿಚ್ಚಿದ. ಅಂಟಿಕೊಂಡಿದ್ದ ವೈರು ಎಳೆದಲ್ಲೆಲ್ಲ ಹರಿಯಿತು. ಮುಚ್ಚಳವೂ ಸೀಳಿತು. ಅವತ್ತು ಮಧುಶ್ರೀ ಊಟಕ್ಕೆ ಕರೆದಾಗ ಅವನ ಅಂಗಿಯ ಮೇಲೆಲ್ಲ ತಾಮ್ರದ ಎಳೆ. “ಏನ್ರೀ ಇದು, ಯಾರ್ ತಲೆ ಬಾಚಿಕೊಂಡ್ ಬಂದ್ರಿ?” ಅಂದಳು ಹೆಂಡತಿ.

ನಿನ್ನೆ ಅವಳೇ ಟೀ ಪಾತ್ರೆಯ ಮುಂದೆ ಅವನನ್ನು ಹಿಡಿದಿದ್ದಳು. ಹೊಸ ಪಿಕಪ್ಪಿನ ಬಿಳಿ ಮುಚ್ಚಳವನ್ನು ಅವನು ಕಡು ಡಿಕಾಕ್ಷನ್ನಿನಲ್ಲಿ ಕುದಿಸುತ್ತಿದ್ದ, ಇಪ್ಪತ್ತೈದು ವರ್ಷದ ಹಳದಿ ಬರಲೆಂದು. “ತಿನ್ನೋ ಪಾತ್ರೆ ರೀ ಅದು” ಅಂದಳು. ಆಮೇಲೆ ಅವನ ಮುಖ ನೋಡಿ ಸುಮ್ಮನಾಗಿ, ಇನ್ನೊಂದು ಚಮಚ ಟೀಪುಡಿಯನ್ನು ತಾನೇ ಹಾಕಿ ಹೋದಳು. ಅವಳಿಗೆ ಗೊತ್ತಿದೆಯೋ? ಗೊತ್ತಿದ್ದರೆ ಆ ಚಮಚ ಏನು, ಕನಿಕರವೋ ಸಹಭಾಗವೋ?

ಹತ್ತೂಕಾಲಾಯಿತು. ಕೈಯಲ್ಲಿ ಸುತ್ತಿದ್ದನ್ನೇ ಆರಿಸಿದ. ಆರಿಸಿದ ಅನ್ನುವುದಕ್ಕಿಂತ ಉಳಿದೆರಡರ ಮುಖ ನೋಡಲು ಆಗಲಿಲ್ಲ. ಬೆಸುಗೆ ಹಾಕುವಾಗ ಕಾದ ಸೀಸ ಹೆಬ್ಬೆರಳಿಗೆ ತಗುಲಿತು, ಒರೆಸಿಕೊಳ್ಳಲಿಲ್ಲ. ಆರಿಸಿದ್ದರ ಮೇಲೆ ನಂಬಿಕೆ ಇಲ್ಲದೆ ಉಳಿದೆರಡನ್ನೂ ಬೆಸುಗೆ ಕಡ್ಡಿಯನ್ನೂ ಕೈಚೀಲಕ್ಕೆ ಹಾಕಿಕೊಂಡ.

ಬಸ್ಸಿನಲ್ಲಿ ಗಿಟಾರನ್ನು ಮಲಗಿದ ಮಗುವಿನ ಹಾಗೆ ತೊಡೆಯ ಮೇಲೆ ಹಿಡಿದಿದ್ದ. ಎರಡೂ ಕಡೆ ತೋಟ, ತೆಂಗಿನ ಗರಿಗಳ ಮೇಲೆ ಬಿಳಿನೊಣದ ರೋಗದ ಕಪ್ಪು ಮಸಿ. ಇಂಥ ಮರವೂ ಕಾಯಿ ಬಿಡುತ್ತದೆ, ಸಣ್ಣ ಕಾಯಿ. ಮುಂದಿನ ಸೀಟಿನ ಹೆಂಗಸು ತಿರುಗಿ, “ವೀಣೆನಾ?” ಅಂದಳು. ಹೂಂ ಅಂದ. ಇವತ್ತು ಎಷ್ಟನೆಯ ಸುಳ್ಳು?

ಬಿಲಾಲನ ಮನೆಯ ಮುಂದಿನ ಕೋಣೆಯೇ ಅಂಗಡಿ. ಮಷೀನಿನ ಮುಂದೆ ಅವನ ಮಗಳು ಆಲಿಯಾ ಕೂತಿದ್ದಳು, ಬಿ.ಕಾಂ. ಕೊನೆಯ ವರ್ಷ, ಅಪ್ಪ ಬಿದ್ದ ಮೇಲೆ ಕಾಲೇಜಿನಿಂದ ಬಂದು ಅವಳೇ ಹೊಲಿಯುತ್ತಿದ್ದಳು. ಗಿಟಾರು ಬೇಕೆಂದು ಫೋನು ಮಾಡಿದ್ದೂ ಅವಳೇ. ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತಲೆಯಾಡಿಸಿ ಒಳಗೆ ತೋರಿಸಿದಳು. ಬಿಲಾಲನ ತಾಯಿ ರಹಮತುನ್ನೀಸಾ, “ಬಾ ಬೇಟಾ, ಎಷ್ಟ್ ದಿನ ಆಯ್ತು ನಿನ್ ಮುಖ ನೋಡಿ” ಎಂದು ಅವನ ಗಲ್ಲ ಹಿಡಿದರು. ಬಿಲಾಲ್ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಗಡ್ಡ ಟ್ರಿಮ್ ಮಾಡಿಸಿದ್ದರು, ಇಸ್ತ್ರಿ ಅಂಗಿ ಹಾಕಿಸಿದ್ದರು, ಗಿಟಾರು ಬರುತ್ತದೆಂದು. ಎಡಗೈಯನ್ನು ಬಲಗೈ ಯಾವುದೋ ಸಾಮಾನಿನ ಹಾಗೆ ಎತ್ತಿ ಪಕ್ಕಕ್ಕಿಟ್ಟಿತು.

“ತಗಂಬಂದ್ಯಾ” ಅಂದ. ಅರ್ಧ ಬಾಯಿ ನಕ್ಕಿತು. “ಕೊಡು. ಇಲ್ಲಿ. ನೀನೂ ಕೂತ್ಕೋ. ನೀನ್ ಎಡಗೈ, ನಾನ್ ಬಲಗೈ.”

ಮಹಾಂತೇಶನಿಗೆ ಅರ್ಥವಾಗಲಿಲ್ಲ. ಆಲಿಯಾ ಬಂದು ಆಂಪ್ಲಿಫೈಯರಿಗೆ ವೈರು ಚುಚ್ಚಿದಳು. “ತಿಂಗಳಿಂದ ಅಬ್ಬ ಅದನ್ನೇ ಹೇಳ್ತಿದಾರೆ ಅಂಕಲ್. ಬಲಗೈ ಐತಲ್ಲ, ಎಡಗೈ ಮಹಾಂತೇಶಂದು ತಗೋತೀನಿ ಅಂತ. ನಂಗೆ ಗಿಟಾರ್ ಹಿಡಿಯಕ್ ಬರಲ್ಲ.”

ಹೆಗಲಿಗೆ ಹೆಗಲು ತಾಗಿಸಿ ಕೂತ. ಬಿಲಾಲನ ಮೈಯಿಂದ ನೋವಿನ ಎಣ್ಣೆಯ ವಾಸನೆ. ಗಿಟಾರು ಇಬ್ಬರ ತೊಡೆಯ ಮೇಲೆ. ಮಹಾಂತೇಶನ ಎಡಗೈ ಕತ್ತಿನ ಮೇಲೆ, ಬಿಲಾಲನ ಬಲಗೈ ತಂತಿಯ ಮೇಲೆ. ಮೊದಲು ಬಿಲಾಲ್ ಒಬ್ಬನೇ ಆರೂ ತಂತಿಯನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಮೀಟಿದ, ಒಂದೊಂದೂ ಆರುವವರೆಗೆ ಕಾದು. ಮೂರನೆಯದಕ್ಕೆ ಅವನ ಹುಬ್ಬು ಕೂಡಿತು. ಆಮೇಲೆ ಧಾಟಿ. ಮಹಾಂತೇಶನ ಬೆರಳುಗಳು ಹೆದರಿಕೆಯಲ್ಲೂ ದಾರಿ ತಪ್ಪಲಿಲ್ಲ. ಎರಡು ಸಾಲು ಮುಗಿಯಿತು. ಬಿಲಾಲ್ ಅಂಗೈಯಿಂದ ತಂತಿಗಳನ್ನೆಲ್ಲ ಒತ್ತಿ ಹಿಡಿದು ನಿಲ್ಲಿಸಿದ.

“ಇದು ಅದಲ್ಲ.”

ಬಿಲಾಲ್ ಇನ್ನೊಮ್ಮೆ ಮೀಟಿ, ಕಿವಿಯನ್ನು ಗಿಟಾರಿನ ಮರಕ್ಕೆ ಹಚ್ಚಿ ಕೇಳಿದ. “ಇದು ಅದಲ್ಲ ಕಣ್ಲಾ. ಏನಾದ್ರೂ ಮುಟ್ಟಿದ್ಯಾ?”

“ಇಲ್ಲ” ಅಂದ ಮಹಾಂತೇಶ್. ಅಷ್ಟು ಬೇಗ ಬಂತು ಅದು. “ತಂತಿ ಹೊಸ್ದು ಹಾಕ್ದೆ, ಅಷ್ಟೇ. ಅದೇ ಸೌಂಡು. ನಂಗೆ ಅದೇ ಕೇಳ್ತೈತೆ.”

ಬಿಲಾಲ್ ಅವನ ಮುಖವನ್ನೇ ನೋಡಿದ. ಅನುಮಾನದ ನೋಟವಾಗಿದ್ದರೆ ಮಹಾಂತೇಶ್ ಬದುಕಿಕೊಳ್ಳುತ್ತಿದ್ದ. ಅದು ನಂಬಿಕೆಯ ನೋಟ. ನಿಧಾನವಾಗಿ ಆ ಮುಖದ ಒಳ್ಳೆಯ ಅರ್ಧವೂ ಸೋತು, ಇಳಿಬಿದ್ದ ಅರ್ಧದ ಹಾಗೇ ಆಯಿತು. “ನೀನ್ ಇಲ್ಲ ಅಂದ್ಮೇಲೆ ಇಲ್ಲ” ಅಂದ. “ಡಾಕ್ಟ್ರು ಹೇಳಿದ್ರು, ಇನ್ನೇನೇನು ಹೋಗೈತೋ ಮೆಲ್ಲಗೆ ಗೊತ್ತಾಯ್ತದೆ ಅಂತ. ಕಿವೀನೂ ಹೋಯ್ತು ಕಣ್ಲಾ. ಕೈ ಹೋದ್ರೆ ಹೋಗ್ಲಿ, ಕೇಳ್ಕಂಡ್ ಬಿದ್ದಿರ್ತೀನಿ ಅಂದ್ಕಂಡಿದ್ದೆ.” ಗಿಟಾರನ್ನು ಬಲಗೈಯಿಂದ ದೂರ ನೂಕಿದ. “ತಗಂಡ್ ಹೋಗಮ್ಮ ಇದನ್ನ.” ರಹಮತುನ್ನೀಸಾ ಸೆರಗಿನಿಂದ ಮಗನ ಬಾಯಿಯ ಅಂಚು ಒರೆಸಿದರು, ಆಮೇಲೆ ಕಣ್ಣು. ಮಹಾಂತೇಶ್ ಟೀ ಕುಡಿದ. ಪೂರ್ತಿ ಕುಡಿದ. ಲೋಟ ಕೆಳಗಿಟ್ಟ. ಬಸ್ಸಿದೆ ಅಂದ, ಎದ್ದು ಬಂದ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಎರಡು ಗಂಟೆಯ ಬಿಸಿಲು. ತಿಪಟೂರಿನ ಒಂದು ಬಸ್ಸು ಬಂತು, ಹೋಯಿತು. ಅವನು ಲೆಕ್ಕ ಹಾಕುತ್ತಿದ್ದ. ಹೇಳಿದರೆ ಏನಾಗುತ್ತದೆ: ಬಿಲಾಲ್ ಉಗಿಯುತ್ತಾನೆ, ಅಮ್ಮ ಗಲ್ಲ ಹಿಡಿದ ಕೈಯಲ್ಲೇ ಹೊಡೆಯಲೂಬಹುದು, ಈ ಊರಿಗೆ ಇನ್ನು ಬರುವಂತಿಲ್ಲ. ಹೇಳದಿದ್ದರೆ? ಹೇಳದಿದ್ದರೆ ಏನೂ ಆಗುವುದಿಲ್ಲ. ಬಿಲಾಲ್ ಇನ್ನು ಏನನ್ನೂ ನಂಬಿ ಕೇಳುವುದಿಲ್ಲ, ಮಷೀನಿನ ಸದ್ದನ್ನೂ, ಮಗಳ ದನಿಯನ್ನೂ, ಇದು ಸರಿಯಾಗಿ ಕೇಳುತ್ತಿದೆಯೋ ಇಲ್ಲವೋ ಎಂದು ಅನುಮಾನಿಸುತ್ತ ಮಲಗಿರುತ್ತಾನೆ, ಅಷ್ಟೇ. ಒಬ್ಬ ಮನುಷ್ಯನ ಪಿಕಪ್ಪು ಕದ್ದವನು ಅವನ ಕಿವಿಯನ್ನೂ ಕಿತ್ತುಕೊಂಡು ಟೀ ಕುಡಿದು ಬಂದಿದ್ದ. ಆ ಟೀ ಗಂಟಲಿಗೆ ಬಂದು, ಬೆಂಚಿನ ಪಕ್ಕದ ಮೋರಿಗೆ ವಾಂತಿ ಮಾಡಿದ. ಕಡಲೆಕಾಯಿ ಮಾರುವವಳು ನೀರಿನ ಬಾಟಲಿ ಕೊಟ್ಟು, “ಬಿಸ್ಲು ಕಣಪ್ಪ” ಅಂದಳು. ಇಲ್ಲ ಎಂದು ಅವಳಿಗಾದರೂ ನಿಜ ಹೇಳಬೇಕೆನ್ನಿಸಿತು. ಎರಡನೆಯ ಬಸ್ಸು ಬಂದು ನಿಂತಿತು. ಕಂಡಕ್ಟರು ತಿಪಟೂರು ತಿಪಟೂರು ಅನ್ನುತ್ತಿದ್ದ. ಮಹಾಂತೇಶ್ ಎದ್ದು ಅದರ ಮುಂದಿನಿಂದ ಹಾದು, ಬಂದ ದಾರಿಯಲ್ಲೇ ನಡೆದ.

ಬಾಗಿಲಲ್ಲೇ ನಿಂತು ಹೇಳಿದ. ಚಪ್ಪಲಿ ಬಿಟ್ಟರೆ ಧೈರ್ಯವೂ ಹೊರಗೇ ಉಳಿದೀತು ಅನ್ನಿಸಿ ಚಪ್ಪಲಿಯಲ್ಲೇ ನಿಂತಿದ್ದ. “ಬಿಲಾಲ್, ನಿನ್ ಕಿವಿಗೆ ಏನೂ ಆಗಿಲ್ಲ. ಅದು ನಿನ್ ಪಿಕಪ್ಪಲ್ಲ. ನಿಂದನ್ನ ನಾನ್ ಕಿತ್ತು ನನ್ ಗಿಟಾರಿಗೆ ಹಾಕ್ಕಂಡೆ. ಆಮೇಲೆ ಅದನ್ನ ಹಾಳ್ ಮಾಡ್ದೆ. ಬೇರೇದು ಹಾಕಿ, ಟೀ ನೀರಲ್ಲಿ ಬಣ್ಣ ಕಟ್ಟಿ ತಗಂಬಂದೆ.”

ಅಂಗಡಿಯಲ್ಲಿ ಮಷೀನು ನಿಂತಿತು. ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದ ಬಿಲಾಲ್ ಮೆಲ್ಲಗೆ ಇತ್ತ ಹೊರಳಿದ. “ಬೇರೇದಾ?”

“ಬೇರೇದು.”

“ನಿಜವಾಗ್ಲೂ ಬೇರೇದಾ? ನಂಗೆ ಸಮಾಧಾನ ಹೇಳಕ್ಕೆ ಬಂದ್ಯಾ?”

“ಬೇರೇದು ಕಣ್ಲಾ. ನೀನು ಸರಿಯಾಗೇ ಕೇಳ್ದೆ. ನಾನ್ ಸುಳ್ ಹೇಳ್ದೆ.”

ಬಿಲಾಲನ ಎದೆಯೊಳಗಿಂದ ಎಂಥದೋ ಸದ್ದು ಹೊರಟಿತು. ಅಳು ಎಂದು ತಿಳಿದು ಮಹಾಂತೇಶ್ ಕಣ್ಣು ಮುಚ್ಚಿದ. ಅದು ನಗು. “ಅಮ್ಮೀ! ಅಮ್ಮೀ, ಐತೆ! ಕಿವಿ ಐತೆ ನಂದು!” ಬಲಗೈಯಿಂದ ಮಂಚವನ್ನು ಬಡಿಯುತ್ತಿದ್ದ. “ಮೂರ್ನೇ ತಂತಿಗೇ ಗೊತ್ತಾಯ್ತು ನಂಗೆ! ನೋಡಿದ್ಯಾ ಆಲಿಯಾ? ಮೂರ್ನೇ ತಂತಿಗೇ! ಎತ್ತು, ಎತ್ತು ನನ್ನ. ಬೇರೆ ಯಾವ್ ಯಾವ್ದು ತರ್ಸಿದ್ಯೋ? ಎಲ್ಲಿ?”

ಮಹಾಂತೇಶ್ ಬೈಗುಳಕ್ಕೆ ತಯಾರಾಗಿ ಬಂದಿದ್ದ, ಹೊಡೆತಕ್ಕೂ. ಈ ಹಬ್ಬಕ್ಕೆ ಅವನಲ್ಲಿ ಏನೂ ಇರಲಿಲ್ಲ. ಕೈಚೀಲ ತೆಗೆದ. ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಕೆಂಪು ಗಿಟಾರು ಮಲಗಿತು. ಆಲಿಯಾ ಸ್ಕ್ರೂಡ್ರೈವರು ಕೊಟ್ಟಳು, ಸ್ಕ್ರೂಗಳನ್ನು ಗುಂಡಿಯ ಡಬ್ಬಿಯ ಮುಚ್ಚಳದಲ್ಲಿ ಎಣಿಸಿ ಇಟ್ಟುಕೊಂಡಳು. ಬೆಂಗಳೂರಿನದನ್ನು ಹಾಕಿ ಮತ್ತೆ ಹೆಗಲಿಗೆ ಹೆಗಲು ತಾಗಿಸಿ ಕೂತರು. ಎರಡು ಸಾಲು ಮೀಟಿ ಬಿಲಾಲ್ ತಲೆಯಾಡಿಸಿದ. “ಇದು ಕಾನ್ವೆಂಟ್ ಹುಡ್ಗಿ. ಚೆಂದಾಗ್ ಮಾತಾಡ್ತದೆ, ಏನೂ ಹೇಳಲ್ಲ. ಅಲ್ಲ.” ಚೀನಾದ್ದಕ್ಕೆ ಒಂದೇ ಮೀಟು ಸಾಕಾಯಿತು. “ತಗಡು. ಅಲ್ಲ.” ಕೈಯಲ್ಲಿ ಸುತ್ತಿದ್ದನ್ನು ಮತ್ತೆ ಹಾಕಿಸಿ ಬಹಳ ಹೊತ್ತು ಕೇಳಿದ. “ಇದು ಹತ್ರ ಬಂದೈತೆ. ಆದ್ರೆ ದಪ್ಪ ತಂತೀಲಿ ಮೂಗು ಕಟ್ಟೈತೆ. ಇದೂ ಅಲ್ಲ.” ಒಂದೊಂದು ಅಲ್ಲಕ್ಕೂ ಅವನ ಬೆನ್ನು ಒಂದೊಂದು ಅಂಗುಲ ನೆಟ್ಟಗಾಗುತ್ತಿತ್ತು. ವಾರದಿಂದ ತಾನು ಕೇಳಿಯೂ ಕೇಳದೆ ಹೋದದ್ದನ್ನೆಲ್ಲ ಈ ಅರ್ಧ ಬಾಯಿ ಒಂದೊಂದೇ ಮಾತಿನಲ್ಲಿ ಹೇಳಿ ಮುಗಿಸುವುದನ್ನು ಮಹಾಂತೇಶ್ ಕೂತು ಕೇಳಿದ. ಮೂರರಲ್ಲೂ, ತಗಡಿನಲ್ಲೂ ಕೂಡ, ಬಿಲಾಲನ ಬಲಗೈ ಬಿಲಾಲನ ಬಲಗೈಯೇ ಆಗಿತ್ತು. ಅದನ್ನು ಬಿಚ್ಚಿ ಒಯ್ಯಲು ಯಾವ ಸ್ಕ್ರೂಡ್ರೈವರೂ ಇರಲಿಲ್ಲ.

“ಮೂರೂ ಅಲ್ಲ. ಬರೋ ಭಾನ್ವಾರ ಇನ್ನೊಂದು ತಗಂಬಾ” ಅಂದ ಬಿಲಾಲ್. ದಣಿದು ಬೆವೆತಿದ್ದ, ಕಣ್ಣು ಹೊಳೆಯುತ್ತಿತ್ತು. ರಹಮತುನ್ನೀಸಾ ಮಾತ್ರ ಈ ಸಲ ಟೀ ಬೇಕಾ ಎಂದು ಕೇಳಲಿಲ್ಲ.

ಆಲಿಯಾ ಬೀದಿಯ ತಿರುವಿನವರೆಗೂ ಜೊತೆಗೆ ಬಂದಳು. ಅಲ್ಲಿ ನಿಂತು, ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು. “ಅಂಕಲ್, ಅಬ್ಬ ನಿಮ್ಮನ್ನ ಮಾಫ್ ಮಾಡಿಲ್ಲ. ಅವ್ರಿನ್ನೂ ಅದರ ಹತ್ರಕ್ಕೇ ಬಂದಿಲ್ಲ. ಕಿವಿ ಸಿಕ್ತು ಅನ್ನೋ ಖುಷೀಲಿ ಅವ್ರೆ. ಸಾಯಂಕಾಲಕ್ಕೋ ನಾಳೆಗೋ ತಿಳೀತದೆ, ನೀವೇನ್ ಮಾಡಿದ್ರಿ ಅಂತ. ಆಗ ಫೋನ್ ಮಾಡ್ತಾರೆ. ನೀವು ಎತ್ತಬೇಕು.”

“ಎತ್ತೀನಮ್ಮ.”

“ಏಳ್ ತಿಂಗಳಲ್ಲಿ ಹದಿನಾಲ್ಕ್ ಸಲ ಮಾಡಿದ್ರು. ನಾನೇ ಡಯಲ್ ಮಾಡ್ಕೊಟ್ಟಿದ್ದು.”

ಆ ಹದಿನಾಲ್ಕೂ ಮಹಾಂತೇಶನಿಗೆ ಗೊತ್ತಿದ್ದವು. ಅವಳು ಹೋಗಿಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ, ತಿರುಗಿ ನಡೆದಳು.

ಬಸ್ಸು ಊರು ಬಿಟ್ಟು ತೋಟಗಳ ನಡುವೆ ಬಂದಾಗ ಬಿಸಿಲು ಮರಗಳ ಸೊಂಟಕ್ಕೆ ಇಳಿದಿತ್ತು. ಫೋನನ್ನು ಜೇಬಿನಿಂದ ತೆಗೆದು ಕೈಯಲ್ಲೇ ಹಿಡಿದಿದ್ದ. ನಾಳೆ ಇರಬಹುದು, ನಾಡಿದ್ದು ಇರಬಹುದು. ಐದು ಮೈಲಿಯೂ ಆಗಿರಲಿಲ್ಲ, ಅದು ಅಂಗೈಯಲ್ಲಿ ನಡುಗಿತು. ಬಿಲಾಲ್. ನಾಲ್ಕು ಸಲ ನ‌ಡುಗುವವರೆಗೂ ಅದನ್ನು ನೋಡುತ್ತಿದ್ದ. ಪಕ್ಕದವನು, “ಎತ್ರೀ” ಅಂದ. ಎತ್ತಿದ.

ಆ ಕಡೆ ಬರೀ ಉಸಿರು. ಒಂದು ಕಡೆಯಿಂದ ಮಾತ್ರ ಬರುವ, ತಡೆದು ತಡೆದು ಬರುವ ಉಸಿರು. ಆಮೇಲೆ, “ಯಾಕ್ಲಾ?” ಅಂದ ಬಿಲಾಲ್.

ಮಹಾಂತೇಶ್ ಎದ್ದು, ಜನರ ಮಧ್ಯೆ ನುಗ್ಗಿ, ನಿಲ್ಲಿಸಿ ಎಂದು ಕಂಡಕ್ಟರಿಗೆ ಕೈ ಮಾಡಿದ. ಯಾವ ಊರಿನ ಸ್ಟಾಪೋ, ಇಳಿದ. ಬಸ್ಸು ಧೂಳೆಬ್ಬಿಸಿ ಹೋಯಿತು. ಎದುರಿಗೆ ಒಂದು ಕಾಯಿ ರಾಶಿ, ಅದರ ಪಕ್ಕ ಕಬ್ಬಿಣದ ಗೂಟ ನೆಟ್ಟು ಮಟ್ಟೆ ಸುಲಿಯುತ್ತಿದ್ದ ಇಬ್ಬರು ಅವನನ್ನು ಒಮ್ಮೆ ನೋಡಿ ಕೆಲಸಕ್ಕೆ ಮರಳಿದರು.

“ಇದ್ದೀಯಾ?”

“ಇದ್ದೀನಿ” ಅಂದ ಮಹಾಂತೇಶ್. “ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣ್ಲಾ. ಮೊದ್ಲಿಂದ. ನಿಂಗೆ ಲಕ್ವ ಹೊಡೀತು ಅಂತ ಫೋನ್ ಬಂತಲ್ಲ, ಅವತ್ತು ಮೊದ್ಲು ನಂಗೆ ಆಗಿದ್ದು ದುಃಖ ಅಲ್ಲ.”

ಹೇಳಿ ನಿಂತ. ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಫೋನಿಟ್ಟ ಸದ್ದೂ ಕೇಳಿಸಲಿಲ್ಲ.